ಬಾಲಕ, 200 ಗ್ರಾಂ: ಕಾಗುಣಿತ ನೋಡಲು ಫೋನಿನಿಂದಲೇ ಓದಿಸುವ ಉಪಾಯ

ಕನ್ನಡದಲ್ಲಿ ಮೆಸೇಜ್ ಹಾಕುವ ಮೊದಲು ಕಾಗುಣಿತ ನೋಡಿಕೊಳ್ಳೋಕೆ ಯಾವ ಆಪ್ ಒಳ್ಳೇದು ಅಂತ ಕೇಳಿದರೆ ನಾನು ಯಾವ ಸ್ಪೆಲ್‌ಚೆಕ್ ಹೆಸರೂ ಹೇಳುವುದಿಲ್ಲ. ಆಂಡ್ರಾಯ್ಡ್ ಫೋನಿನ ‘ಸೆಲೆಕ್ಟ್ ಟು ಸ್ಪೀಕ್’ ಬಳಸಿ ಅನ್ನುತ್ತೇನೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಅದು. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಇರುತ್ತದೆ. ಕಣ್ಣು ಮಂಜಾದವರಿಗೆ, ಓದಲು ಕಷ್ಟಪಡುವವರಿಗೆ ಅಂತ ಮಾಡಿದ್ದು. ನಾನು ಅದನ್ನು ಪ್ರೂಫ್ ನೋಡುವ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ.

ಮೈಸೂರಿನಲ್ಲಿ ಮನೆಯಲ್ಲೇ ಸಾರಿನಪುಡಿ, ಹುಳಿಪುಡಿ, ಸಂಡಿಗೆ, ಬಾಳಕದ ಮೆಣಸಿನಕಾಯಿ ಮಾಡಿ ಮಾರುವುದು ನನ್ನ ಕಸುಬು. ದಿನಾ ಸಂಜೆ ವಾಟ್ಸಾಪ್ ಗುಂಪಿಗೆ ಮರುದಿನದ ಪಟ್ಟಿ, ಬೆಲೆ ಹಾಕಬೇಕು. ಗಿರಾಕಿಗಳಲ್ಲಿ ರಿಟೈರ್ ಆದ ಮೇಷ್ಟ್ರುಗಳೇ ಜಾಸ್ತಿ. ಪುಡಿಗೆ ಉಪ್ಪು ಒಂದು ಕೈ ಹೆಚ್ಚಾದರೆ ಸುಮ್ಮನಿರುತ್ತಾರೆ, ಒತ್ತಕ್ಷರ ತಪ್ಪಿದರೆ ಬಿಡುವುದಿಲ್ಲ.

ನಾನು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವಳು. ‘ಎಲ್’ ಒತ್ತಿದರೆ ನನಗೆ ಬೇಕಾದದ್ದು ಲ ನೋ ಳ ನೋ ಅಂತ ಕೀಬೋರ್ಡಿಗೆ ಗೊತ್ತಾಗುವುದಿಲ್ಲ. ಊಹೆ ಮಾಡುತ್ತದೆ. ಜನ ಜಾಸ್ತಿ ಬಳಸುವ ಪದವನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಬಾಳಕ ಹೋಗಿ ಬಾಲಕ, ಹುಳಿ ಹೋಗಿ ಹುಲಿ, ಹುರಿದ ಕಾಳು ಹೋಗಿ ಹುರಿದ ಕಾಲು. ಇಂಥ ಕಡೆ ಸ್ಪೆಲ್‌ಚೆಕ್ ದಂಡ. ಬಾಲಕ ಅದರ ಪಟ್ಟಿಯಲ್ಲಿ ಇದ್ದಾನೆ, ಆದ್ದರಿಂದ ತೆಪ್ಪಗಿರುತ್ತದೆ. ಸರಿಯಾಗಿ ಬಾಳಕ ಅಂತ ತಿದ್ದಿದರೆ ಕೆಳಗೆ ಕೆಂಪು ಗೆರೆ ಎಳೆಯುತ್ತದೆ! ಅದರ ಮೇಲೆ ನಮ್ಮ ಭಾಷೆಯ ಪದಗಳೋ, ಬೆಳೆಯುತ್ತಾ ಹೋಗುವಂಥವು. ‘ಡಬ್ಬಿಯಲ್ಲಿಟ್ಟಿದ್ದರಂತೆ’ ಅನ್ನುವುದನ್ನು ಯಾವ ಪಟ್ಟಿಯಲ್ಲಿ ಹುಡುಕೋದು? ತಪ್ಪೇ ಇಲ್ಲದ ಮೆಸೇಜಿನಲ್ಲೂ ಸಾಲಿಗೆರಡು ಕೆಂಪು ಗೆರೆ. ನೋಡಿ ನೋಡಿ ರೂಢಿಯಾಗಿ, ನಿಜವಾದ ತಪ್ಪಿನ ಕೆಳಗೆ ಗೆರೆ ಬಿದ್ದರೂ ಗಮನಕ್ಕೇ ಬರುವುದಿಲ್ಲ.

ಈಗ ಸಂಜೆಯ ಕೆಲಸ ಹೀಗೆ ನಡೆಯುತ್ತದೆ. ಪಟ್ಟಿ ಟೈಪ್ ಮಾಡುತ್ತೇನೆ, ಕಳಿಸುವುದಿಲ್ಲ. ಫೋನನ್ನು ತಕ್ಕಡಿ ಪಕ್ಕ ಗೋಡೆಗೆ ಒರಗಿಸುತ್ತೇನೆ. ಮೂಲೆಯಲ್ಲಿರುವ ಪುಟ್ಟ ಗುರುತು ಒತ್ತಿ, ಬರಹದ ಮೇಲೆ ಬೆರಳಿಟ್ಟರೆ ಓದು ಶುರು. ವೇಗ ಚೆನ್ನಾಗಿ ಕಡಿಮೆ ಮಾಡಿಟ್ಟಿದ್ದೇನೆ. ಇದನ್ನು ಮರೀಬೇಡಿ. ಮಾಮೂಲಿ ವೇಗದಲ್ಲಿ ಹ್ರಸ್ವ ದೀರ್ಘ ಎಲ್ಲ ಒಂದರ ಮೇಲೊಂದು ಬಿದ್ದು ಹೋಗುತ್ತವೆ. ನಿಧಾನಕ್ಕೆ ಓದಿಸಿದರೆ ಬೆಲೆ, ಬೆಳೆ, ಬೇಳೆ ಮೂರೂ ಬೇರೆ ಬೇರೆ ಕೇಳುತ್ತವೆ. ಅದು ಓದುವಷ್ಟು ಹೊತ್ತು ನಾನು ಪುಡಿ ತೂಗಿ ಪೊಟ್ಟಣಕ್ಕೆ ತುಂಬುತ್ತಿರುತ್ತೇನೆ. ಪರದೆ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣು ಬರೆದದ್ದನ್ನು ಓದುವುದಿಲ್ಲ, ಬರೆಯಬೇಕಿದ್ದನ್ನು ಓದಿಕೊಂಡು ಮುಂದೆ ಹೋಗಿಬಿಡುತ್ತದೆ. ಆ ದನಿಗೆ ಅಂಥ ದಾಕ್ಷಿಣ್ಯ ಇಲ್ಲ.

ಒಂದು ಸಂಜೆ ‘ಬಾಲಕ, 200 ಗ್ರಾಂ, 120 ರೂಪಾಯಿ’ ಅಂತ ಬಹಳ ಗಂಭೀರವಾಗಿ ಓದಿತು. ಪಡಸಾಲೆಯಲ್ಲಿ ಹೂ ಕಟ್ಟುತ್ತಿದ್ದ ನಮ್ಮತ್ತೆ, ‘ಯಾರ ಮನೆ ಹುಡುಗನೇ ಅದು, ಇಷ್ಟು ಅಗ್ಗಕ್ಕೆ ಕೊಡ್ತಿದೀಯ?’ ಅಂದರು. ಅವತ್ತಿನಿಂದ ಪಟ್ಟಿ ಓದುವ ಹೊತ್ತಿಗೆ ಟಿವಿ ದನಿ ತಗ್ಗಿಸಿ ಕೂರುತ್ತಾರೆ. ನಾನು ಬೆಲೆ ಏರಿಸಿದ್ದು ಅವರಿಗೆ ಗೊತ್ತಾಗುವುದೂ ಹೀಗೇ. ಅದಕ್ಕೊಂದು ಚರ್ಚೆ ಬೇರೆ.

ಹಬ್ಬದ ದಿನಗಳಲ್ಲಿ ಮಾತ್ರ ಇದರ ಮೇಲಿನ ಪ್ರೀತಿ ಕಮ್ಮಿಯಾಗುತ್ತದೆ. ದೀಪ, ಹೂವು, ಮುಗಿದ ಕೈ, ಯಾವ ಇಮೋಜಿ ಹಾಕಿದರೂ ಒಂದನ್ನೂ ಬಿಡದೆ ಹೆಸರು ಹೇಳುತ್ತದೆ. ಸಾಲಾಗಿ ಐದು ದೀಪ ಇಟ್ಟರೆ ಐದು ಸಲ. ಈಗ ಓದಿಸಿ ಮುಗಿದ ಮೇಲೆ ಅಲಂಕಾರ.

ಇದನ್ನಾದರೂ ತಡೆದುಕೊಳ್ಳಬಹುದು. ಕಿವಿಗೆ ಸಿಗದ ತಪ್ಪುಗಳೂ ಇವೆಯಲ್ಲ, ಅವೇ ತಲೆನೋವು. ‘ವಿಶೇಷ’ವನ್ನು ‘ವಿಷೇಶ’ ಅಂತ ಬರೆದರೂ ನನ್ನ ಕಿವಿಗೆ ಎರಡೂ ಒಂದೇ. ‘ಶ್ರದ್ಧಾಂಜಲಿ’ಯ ಮಹಾಪ್ರಾಣ ಒತ್ತು ಹೋದರೂ ಗೊತ್ತಾಗುವುದಿಲ್ಲ. ಅದು ತಪ್ಪಬಾರದ ಜಾಗದಲ್ಲೇ ತಪ್ಪುವ ಪದ. ‘ಹಾಟ್‌ಬಾಕ್ಸ್’ನದು ಇನ್ನೊಂದು ಕಥೆ. ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಬೀಳಬೇಕು. ಇಲ್ಲದಿದ್ದರೆ ಬಾ ಹೋಗಿ ಟಾ ಕೆಳಗೆ ಒತ್ತಾಗಿ ಕೂತು ‘ಹಾಟ್ಬಾಕ್ಸ್’ ಆಗುತ್ತದೆ. ಓದುವ ದನಿಗೆ ಎರಡೂ ಸರಿಯೇ. ಇಂಥವಕ್ಕೆ ಕಣ್ಣೇ ಗತಿ. ಅನುಮಾನ ಬಂದ ಪದವನ್ನು ವಿ. ಕೃಷ್ಣ ಅವರ ‘ಅಲರ್’ ನಿಘಂಟಿನಲ್ಲಿ ನೋಡುತ್ತೇನೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, ಆನ್‌ಲೈನಿನಲ್ಲಿ ಪುಕ್ಕಟೆ.

ಇನ್ನು ನನ್ನ ಬ್ಯಾಂಕಿನ ಆಪ್. ಓದುವ ಸೌಲಭ್ಯ ಆನ್ ಇದ್ದರೆ ತೆರೆಯುವುದೇ ಇಲ್ಲ, ಮೊದಲು ಆಫ್ ಮಾಡಿ ಅನ್ನುತ್ತದೆ. ಮೋಸದ ಆಪ್‌ಗಳು ಇದೇ ಅನುಮತಿ ಹಿಡಿದು ಪರದೆ ಕದ್ದು ನೋಡುತ್ತವೆ, ಭಯ ನ್ಯಾಯವೇ. ನನಗೇನೋ ಸಂಜೆ ಆನ್, ದುಡ್ಡು ಬಂತಾ ನೋಡುವಾಗ ಆಫ್, ಇಷ್ಟೇ ಕಿರಿಕಿರಿ. ಕಣ್ಣು ಕಾಣದವರು ಆಫ್ ಮಾಡಿ ಬ್ಯಾಂಕಿನ ಲೆಕ್ಕ ಹೇಗೆ ನೋಡಬೇಕು? ಆಪ್ ಮಾಡಿದವರು ಇದನ್ನು ಯೋಚಿಸಿದ ಹಾಗೆ ಕಾಣುವುದಿಲ್ಲ.

ಇಷ್ಟೆಲ್ಲ ಯಾಕೆ, ಕಳಿಸಿದ ಮೇಲೆ ತಿದ್ದಬಹುದಲ್ವಾ ಅಂತ ನನ್ನ ಮಗ ಕೇಳುತ್ತಾನೆ. ವಾಟ್ಸಾಪ್‌ನಲ್ಲಿ 2023ರಿಂದ ಆ ಅನುಕೂಲ ಇದೆ ನಿಜ, ಆದರೆ 15 ನಿಮಿಷದೊಳಗೆ ತಿದ್ದಬೇಕು. ಅಷ್ಟರಲ್ಲಿ ಪಟ್ಟಿ ಗಿರಾಕಿಗಳ ನೆಂಟರಿಷ್ಟರಿಗೆಲ್ಲ ಫಾರ್ವರ್ಡ್ ಆಗಿರುತ್ತದೆ. ನಾನು ಇಲ್ಲಿ ತಿದ್ದಿದರೆ ಆ ಪ್ರತಿಗಳು ಬದಲಾಗುವುದಿಲ್ಲ. ಹುಲಿಪುಡಿ ಊರೂರು ಸುತ್ತುತ್ತಾ ಇರುತ್ತದೆ.

ಖರ್ಚು ಏನೂ ಇಲ್ಲ. ನನ್ನದು ಕಡಿಮೆ ಬೆಲೆಯ ಫೋನು, ಅದರಲ್ಲೇ ನಡೆಯುತ್ತದೆ. ಕನ್ನಡ ದನಿಯನ್ನು ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಿದ್ದರೂ ಓದುತ್ತದೆ. ಪೋಸ್ಟರ್ ಮಾಡಿಸುವವರು ಬರಹವನ್ನು ಮೊದಲು ಓದಿಸಿ, ಆಮೇಲೆ ಚಿತ್ರಕ್ಕೆ ಹಾಕಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಕೂತು ಮೆಸೇಜ್ ಹಾಕುವವರಿಗೆ ಇಯರ್‌ಫೋನ್ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ಸುದ್ದಿ ಪಕ್ಕದ ಸೀಟಿಗೂ ಹೋಗುತ್ತದೆ. ಮನೆಯಲ್ಲಿ ಕೆಲಸ ಮಾಡುತ್ತಾ ಬರೆಯುವ ನನ್ನಂಥವರು ಕಣ್ಣು ಮುಚ್ಚಿ ಬಳಸಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ. ಶ, ಷ ಬೇರೆ ಮಾಡಿ ಕೇಳಿಸುವ ದನಿ ಬಂದ ದಿನ ಉಳಿದ ಒಂದು.