ಎಎಸಿ ಬ್ಲಾಕ್: ಹೊರುವುದೆಷ್ಟು, ಹೊರೆ ಇಳಿಸುವುದೆಷ್ಟು

ಎಎಸಿ (ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್, ಅಂದರೆ ಹಬೆಯ ಒತ್ತಡದಲ್ಲಿ ಗಟ್ಟಿಗೊಳಿಸಿದ ಗುಳ್ಳೆಭರಿತ ಕಾಂಕ್ರೀಟ್) ಬ್ಲಾಕನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ, ಇಷ್ಟು ಹಗುರವಾದದ್ದು ಕಟ್ಟಡದ ಭಾರವನ್ನು ತಡೆದೀತೇ ಎಂಬ ಅನುಮಾನ ಬಾರದೆ ಇರದು. 600×200×200 ಮಿ.ಮೀ. ಅಳತೆಯ ಬ್ಲಾಕ್ ಚೆನ್ನಾಗಿ ಒಣಗಿದ್ದರೆ 14–15 ಕಿಲೋ ತೂಗುತ್ತದೆ. ಅದೇ ಅಳತೆಯ ಗಟ್ಟಿ ಕಾಂಕ್ರೀಟ್ ಬ್ಲಾಕಿನ ತೂಕ 50 ಕಿಲೋ ಆಸುಪಾಸಿನಲ್ಲಿರುತ್ತದೆ. ಹಗುರತನಕ್ಕೆ ಕಾರಣ ಅದರೊಳಗಿನ ಗುಳ್ಳೆಗಳು. ಮರಳು ಅಥವಾ ಹಾರುಬೂದಿ, ಸಿಮೆಂಟ್, ಸುಣ್ಣ, ಜಿಪ್ಸಂಗಳನ್ನು ನೀರಿನಲ್ಲಿ ಕಲಸಿ ಅತ್ಯಲ್ಪ ಅಲ್ಯೂಮಿನಿಯಂ ಪುಡಿ ಬೆರೆಸಿದಾಗ ಹೈಡ್ರೋಜನ್ ಹುಟ್ಟಿ ಮಿಶ್ರಣ ಉಬ್ಬುತ್ತದೆ. ಅದನ್ನು ಕತ್ತರಿಸಿ, 180–190 ಡಿಗ್ರಿ ಸೆಲ್ಸಿಯಸ್ ಶಾಖದ ಹಬೆಯಲ್ಲಿ ಹಲವು ಗಂಟೆಗಳ ಕಾಲ ಒತ್ತಡದಡಿ ಇಟ್ಟು ಗಟ್ಟಿಗೊಳಿಸುತ್ತಾರೆ. ಸ್ವೀಡನ್ನಿನ ಯೋಹಾನ್ ಆಕ್ಸೆಲ್ ಎರಿಕ್ಸನ್ 1920ರ ದಶಕದಲ್ಲಿ ರೂಪಿಸಿದ ಈ ವಿಧಾನ ಇಂದಿಗೂ ಮೂಲತಃ ಹಾಗೆಯೇ ಉಳಿದಿದೆ.

ಸಾಮಾನ್ಯ ದರ್ಜೆಯ ಬ್ಲಾಕ್ ಪ್ರತಿ ಚದರ ಮಿಲಿಮೀಟರಿಗೆ 3ರಿಂದ 4.5 ನ್ಯೂಟನ್ (ಒಂದು ನ್ಯೂಟನ್ ಎಂದರೆ ಸುಮಾರು ನೂರು ಗ್ರಾಂ ಭಾರ) ಒತ್ತಡ ತಾಳುತ್ತದೆ. ಕಟ್ಟಡಗಳಿಗೆ ಬಳಸುವ ಎಂ20 ದರ್ಜೆಯ ಕಾಂಕ್ರೀಟಿನ 20 ನ್ಯೂಟನ್ ಎದುರಿಗೆ ಇದು ಅಲ್ಪವೇ ಸರಿ. ಒಳ್ಳೆಯ ಸುಟ್ಟ ಇಟ್ಟಿಗೆಯೂ ಇದನ್ನು ಸುಲಭವಾಗಿ ಮೀರಿಸುತ್ತದೆ. ಆದರೂ 4 ನ್ಯೂಟನ್ ಲೆಕ್ಕದಲ್ಲಿ ಒಂದೇ ಬ್ಲಾಕಿನ ಮೇಲ್ಮೈಗೆ ಸುಮಾರು 48 ಟನ್ ಎಂಬ ಬೆರಗಿನ ಅಂಕಿ ಬರುತ್ತದೆ. ಆ ಅಂಕಿಯನ್ನು ನಂಬಿ ಗೋಡೆ ಕಟ್ಟುವಂತಿಲ್ಲ, ಏಕೆಂದರೆ ಅದು ಪ್ರಯೋಗಾಲಯದ ಯಂತ್ರದಲ್ಲಿ ನೆಟ್ಟಗೆ ಒತ್ತಿ ಒಡೆದಾಗಿನ ಮಿತಿಯ ಲೆಕ್ಕ. ಗೋಡೆಯಲ್ಲಿ ಗಾರೆಯ ಗುಣ, ಎತ್ತರಕ್ಕೂ ದಪ್ಪಕ್ಕೂ ಇರುವ ಅನುಪಾತ, ಭಾರ ಒಂದು ಬದಿಗೆ ವಾಲುವುದು, ಸುರಕ್ಷತೆಗೆಂದು ಬಿಡಬೇಕಾದ ಅಂತರ, ಎಲ್ಲವನ್ನೂ ಕಳೆದರೆ ಉಳಿಯುವುದು ಹತ್ತರಲ್ಲಿ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಕಂಬಗಳಿಲ್ಲದೆ, ಗೋಡೆಯ ಮೇಲೆಯೇ ಚಾವಣಿ ಕೂರಿಸುವ ಕಟ್ಟಡಕ್ಕೆ ಎಂಜಿನಿಯರರ ಲೆಕ್ಕವಿಲ್ಲದೆ ಇದನ್ನು ಬಳಸುವುದು ತರವಲ್ಲ.

ಹಾಗಿದ್ದರೆ ಈ ಬ್ಲಾಕಿನ ಬೆಲೆ ಇರುವುದೆಲ್ಲಿ? ನನ್ನ ಎಣಿಕೆಯಲ್ಲಿ ಅದು ಎಷ್ಟು ಹೊರುತ್ತದೆ ಎನ್ನುವುದಕ್ಕಿಂತ, ತನ್ನ ಕೆಳಗಿನ ತೊಲೆಯ ಮೇಲೆ ಎಷ್ಟು ಕಡಿಮೆ ಹೇರುತ್ತದೆ ಎನ್ನುವುದೇ ಮುಖ್ಯ. ಮೂರು ಮೀಟರ್ ಎತ್ತರದ, 150 ಮಿ.ಮೀ. ದಪ್ಪದ ಎಎಸಿ ಗೋಡೆಯ ಪ್ರತಿ ಮೀಟರ್ ಉದ್ದವೂ ಗಿಲಾವು ಬಿಟ್ಟು ಸುಮಾರು 270 ಕಿಲೋ ತೂಗುತ್ತದೆ. ಅದನ್ನೇ ಇಟ್ಟಿಗೆಯಲ್ಲಿ ಕಟ್ಟಿದರೆ 800 ಕಿಲೋ ದಾಟುತ್ತದೆ. ನಾಲ್ಕು ಮೀಟರಿನ ಒಂದು ತೊಲೆಯ ಮೇಲೆಯೇ ಎರಡು ಟನ್ನಿಗೂ ಹೆಚ್ಚು ಹೊರೆ ತಗ್ಗಿತು ಎಂದಾಯಿತು. ಈ ಉಳಿತಾಯ ಕಂಬಕ್ಕೂ ತಳಪಾಯಕ್ಕೂ ಇಳಿಯುತ್ತದೆ, ಭೂಕಂಪದ ಬಲವೂ ಕಟ್ಟಡದ ತೂಕಕ್ಕೆ ತಕ್ಕಂತೆ ಕುಗ್ಗುತ್ತದೆ. ಆದರೆ ವಿನ್ಯಾಸ ಮಾಡುವಾಗಲೇ ಎಂಜಿನಿಯರರಿಗೆ ತಿಳಿಸಿರಬೇಕು. ಇಟ್ಟಿಗೆಯ ಲೆಕ್ಕದಲ್ಲಿ ಕಬ್ಬಿಣ ಕಟ್ಟಿ ಕಾಂಕ್ರೀಟ್ ಸುರಿದ ಮೇಲೆ ಬ್ಲಾಕ್ ತಂದರೆ ಕಬ್ಬಿಣದ ಉಳಿತಾಯವೇನೂ ಇಲ್ಲ.

ಬ್ಲಾಕ್ ನಿರಾಸೆ ಮಾಡುವುದು ಗೋಡೆಗೆ ಏನನ್ನಾದರೂ ನೇತುಹಾಕುವಾಗ. ಡ್ರಿಲ್ ಇಟ್ಟರೆ ಪ್ರತಿರೋಧವೇ ಇಲ್ಲದಂತೆ ಒಳಗೆ ಹೋಗುತ್ತದೆ, ಹಿಟ್ಟಿನಂಥ ಪುಡಿ ಸುರಿಯುತ್ತದೆ. ಡ್ರಿಲ್ಲನ್ನು ಬಡಿಯುತ್ತಾ ಕೊರೆಯುವ ಹ್ಯಾಮರ್ ಚಾಲನೆಯಲ್ಲಿಟ್ಟು ಕೊರೆದರಂತೂ ತೂತಿನ ಅಂಚು ಕುಸಿದು ಅಗಲವಾಗುತ್ತದೆ, ಇಟ್ಟಿಗೆಗೆ ಹಾಕುವ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಅದರೊಳಗೆ ಸುಮ್ಮನೆ ತಿರುಗುತ್ತಿರುತ್ತದೆ. ಒತ್ತಡವನ್ನು ತಾಳುವ ಈ ವಸ್ತು ಎಳೆತಕ್ಕೆ ತೀರ ಬಡವ. 25 ಲೀಟರಿನ ಗೀಸರ್ ನೀರು ತುಂಬಿದಾಗ 35 ಕಿಲೋ ಮೀರುತ್ತದೆ. ಆ ಭಾರ ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಕೀಳುವ ಎಳೆತವೂ ಕೂಡಿಕೊಳ್ಳುತ್ತದೆ. ಇಂಥವಕ್ಕೆ ಬ್ಲಾಕಿಗೆಂದೇ ಮಾಡಿದ ಉದ್ದನೆಯ ಪ್ಲಗ್ ಅಥವಾ ರಾಸಾಯನಿಕ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಬೇಕು. ಗೋಡೆಯ ಆಚೆ ಬದಿಗೆ ಲೋಹದ ತಗಡಿಟ್ಟು ಆರಪಾರ ಬೋಲ್ಟ್ ಹಾಕುವುದು ನೋಡಲು ಚೆಂದವಲ್ಲದಿದ್ದರೂ ಎಲ್ಲಕ್ಕಿಂತ ನಂಬಿಕಸ್ಥ. ಅಡುಗೆಮನೆಯ ತೂಗುಬೀರು, ಗೀಸರ್‌ಗಳ ಜಾಗ ಮೊದಲೇ ನಿಶ್ಚಯವಾಗಿದ್ದರೆ ಅಲ್ಲಿ ಕಾಂಕ್ರೀಟ್ ಪಟ್ಟಿ ಹಾಕಿಸುವುದು ಇನ್ನೂ ಜಾಣತನ.

ಬಾಗಿಲು, ಕಿಟಕಿಗಳ ಮೇಲಿನ ಅಡ್ಡತೊಲೆ, ಅಂದರೆ ಲಿಂಟಲ್, ಕೂರುವ ತುದಿಗಳಲ್ಲಿಯೂ ಭಾರ ಚಿಕ್ಕ ಜಾಗದಲ್ಲಿ ಒಟ್ಟುಗೂಡುವುದರಿಂದ ಆಧಾರ ಸಾಕಷ್ಟು ಅಗಲವಾಗಿರಬೇಕು.

ಕಂಬ–ತೊಲೆಗಳ ಚೌಕಟ್ಟಿನ ನಡುವೆ ತುಂಬುವ ಗೋಡೆಗೆ ಇದನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ಒಣ ಸಾಂದ್ರತೆ ಮತ್ತು ಒತ್ತಡ ಸಾಮರ್ಥ್ಯ ಎರಡೂ ಇರುವ ಪರೀಕ್ಷಾ ವರದಿಯನ್ನು ಕೇಳಿ ಪಡೆಯಿರಿ. ಕಾರ್ಖಾನೆಯಿಂದ ಹಸಿಯಾಗಿಯೇ ಬಂದ ಬ್ಲಾಕ್ ತೂಕದಲ್ಲಿ ಹೆಚ್ಚು, ಬಲದಲ್ಲಿ ಕಡಿಮೆ. ಕಟ್ಟಿದ ಮೇಲೆ ಒಣಗುತ್ತಾ ಕುಗ್ಗಿ ಬಿರುಕನ್ನೂ ತರುತ್ತದೆ. ಆದ್ದರಿಂದ ಲಾರಿಯಿಂದ ಇಳಿಸಿದ ಬ್ಲಾಕನ್ನು ನೆಲಕ್ಕೆ ತಾಗದಂತೆ ಪೇರಿಸಿ, ಮಳೆ ಬೀಳದಂತೆ ಮೇಲೆ ಹೊದಿಸಿ, ಒಣಗಲು ಬಿಟ್ಟು, ಆಮೇಲೆ ಮೇಸ್ತ್ರಿಯ ಕೈಗೆ ಕೊಡಬೇಕು.