ಮರ ತೆಗೆಯುವ ಕೆಲಸಕ್ಕೆ ಕ್ರೇನ್ ಟಿಪ್ಪರ್: ಸಣ್ಣದೋ, ದೊಡ್ಡದೋ?

ಖಾಲಿ ಗಾಡಿಯನ್ನೇ ಮೊದಲು ಕಾಟಾಕ್ಕೆ ಹಾಕಿ. ಕ್ರೇನ್ ಎಷ್ಟು ಟನ್ ಎತ್ತುತ್ತದೆ ಅಂತ ಕೇಳುವುದು ಆಮೇಲೆ.

ನಮ್ಮದು ಶಿರಸಿ–ಕುಮಟಾ ರಸ್ತೆ ಬದಿಯ ಊರು. ಮನೆ ಮೇಲೆ ವಾಲಿದ ಮರ ಇಳಿಸುವುದು, ಮಳೆಗಾಲದಲ್ಲಿ ತೋಟಕ್ಕೋ ದಾರಿಗೋ ಅಡ್ಡ ಬಿದ್ದದ್ದನ್ನು ತೆಗೆಯುವುದು ನಾನೂ ಅಣ್ಣನೂ ಮಾಡುವ ಕೆಲಸ. ಘಟ್ಟದ ಮೇಲೆ ಮತ್ತಿ, ಹಲಸು, ಅಕೇಸಿಯಾ. ಕೆಳಗೆ ಕಾರವಾರದವರೆಗೂ ತೆಂಗು, ಗಾಳಿ ಮರ. ಇಷ್ಟು ದಿನ ಬರೀ ಟಿಪ್ಪರ್ ಇತ್ತು, ದಿಮ್ಮಿ ಎತ್ತಲು ಹೈಡ್ರಾ (ಓಡಾಡುವ ಕ್ರೇನ್ ಗಾಡಿ) ಕರೆಸುತ್ತಿದ್ದೆವು. ಕ್ರೇನ್ ಕೂರಿಸಿದ ಗಾಡಿ ಕೊಳ್ಳುವ ಮೊದಲು ಎರಡು ಅಳತೆಯವನ್ನು ಬಾಡಿಗೆಗೆ ತಂದು, ತಲಾ ಹತ್ತು ದಿನ ದುಡಿಸಿ ನೋಡಿದೆವು.

ಸಣ್ಣದರ ಆರ್‌ಸಿಯಲ್ಲಿ ಹೇರೂ ಸೇರಿ ಒಟ್ಟು ತೂಕ 7,490 ಕಿಲೋ. ಕ್ಯಾಬಿನ್ ಹಿಂದೆ ಮೂರು ಟನ್-ಮೀಟರ್ ಕ್ರೇನ್, ಅಂದರೆ ಎತ್ತುವ ಟನ್ನನ್ನು ಕೊಕ್ಕೆಯ ದೂರದ ಮೀಟರಿನಿಂದ ಗುಣಿಸಿದರೆ ಹೆಚ್ಚೆಂದರೆ ಮೂರು; ದೂರ ಹೆಚ್ಚಿದಂತೆ ಎತ್ತುವ ಭಾರ ಕಡಿಮೆ. ಕಾಟಾದಲ್ಲಿ ಖಾಲಿ ಗಾಡಿಯೇ 4,380 ತೂಗಿತು. ಉಳಿದದ್ದು 3,110. ಗರಗಸ, ಹಗ್ಗ, ಹಲಗೆ, ಮೂರು ಆಳು ಅಂದರೆ ಇನ್ನೊಂದು 350 ಕಿಲೋ ಹೋಯಿತು. ಮಾರುವವರು ಇದನ್ನು ‘ನಾಲ್ಕು ಟನ್ ಗಾಡಿ’ ಅಂತಲೇ ಕರೆಯುತ್ತಾರೆ, ಆದರೆ ಮರಕ್ಕೆ ಸಿಗುವುದು ಮೂರು ಟನ್ನಿಗೂ ಕಡಿಮೆ.

ದೊಡ್ಡದು ಎರಡು ಆಕ್ಸಲ್‌ನ 18.5 ಟನ್ ಗಾಡಿ, ಎಂಟು ಟನ್-ಮೀಟರ್ ಕ್ರೇನ್. ಖಾಲಿ 8,900, ಹೇರಿಗೆ 9,600. ಸಣ್ಣದರ ಮೂರು ಪಟ್ಟು. ಆದರೆ ಕ್ರೇನ್ ಭಾರ ಕ್ಯಾಬಿನ್ ಹಿಂದೆ ಕೂರುವುದರಿಂದ ಮುಂದಿನ ಆಕ್ಸಲ್ ಮೇಲೆ ಒತ್ತಡ ಜಾಸ್ತಿ. ಅದರ ಮಿತಿ ಏಳು ಟನ್. ದಿಮ್ಮಿಗಳನ್ನು ಮುಂದಕ್ಕೆ ತಳ್ಳಿ ಪೇರಿಸಿದರೆ ಒಟ್ಟು ತೂಕ ಸರಿಯಿದ್ದೂ ಆಕ್ಸಲ್ ಮಿತಿ ಮೀರುತ್ತದೆ.

ಮರದ ತೂಕ ಅಂದಾಜು ಮಾಡುವಲ್ಲೇ ಬಹಳ ಜನ ಎಡವುತ್ತಾರೆ, ನಾವೂ ಎಡವಿದ್ದೆವು. ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗ ಹಿಡಿದು ಘನ ಅಡಿ ಲೆಕ್ಕ ಹಾಕುವುದು ರೂಢಿ. ಆರು ಅಡಿ ಸುತ್ತಿನ, ಹತ್ತಡಿ ಉದ್ದದ ಮತ್ತಿ ದಿಮ್ಮಿ ಹಾಗೆ 22.5 ಘನ ಅಡಿ ಆಗುತ್ತದೆ. ನಿಜವಾದ ಗಾತ್ರ 28.6. ಹಸಿ ಮತ್ತಿಯನ್ನು ಘನ ಅಡಿಗೆ 28 ಕಿಲೋ ಅಂತ ಹಿಡಿದರೂ ಕಾಗದದ ಮೇಲೆ 630 ಕಿಲೋ, ಕ್ರೇನ್ ಕೊಕ್ಕೆಯಲ್ಲಿ 800. ಸಣ್ಣ ಕ್ರೇನ್ ಐದು ಮೀಟರ್ ದೂರಕ್ಕೆ ಎತ್ತಿದ್ದು 500 ಕಿಲೋ ಅಷ್ಟೇ. ಹತ್ತಡಿಯದನ್ನು ಐದಡಿ ಮಾಡಿದರೆ ಎತ್ತಬಹುದು, ಆದರೆ ತುಂಡಾದ ದಿಮ್ಮಿಗೆ ಸಾಮಿಲ್ಲಿನಲ್ಲಿ ದರ ಬೀಳುತ್ತದೆ, ಮರದ ಯಜಮಾನರಿಗೆ ನಷ್ಟ. ಈ ಒಂದು ಕೆಲಸಕ್ಕೆ ದೊಡ್ಡದೇ ಸರಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ಹತ್ತು ಕೆಲಸದಲ್ಲಿ ಏಳೆಂಟು ಟೊಂಗೆ, ಸೊಪ್ಪು, ತೆಂಗಿನದ್ದು. ಸೊಪ್ಪು ಒಂದು ಟನ್ ಆಗುವಷ್ಟರಲ್ಲಿ ಬಾಡಿ ತುಂಬಿರುತ್ತದೆ. ಅಲ್ಲಿ ತೂಕಕ್ಕಿಂತ ಬಾಡಿಯ ಎತ್ತರ ಮುಖ್ಯ. ಟೊಂಗೆ ಹೊರಚಾಚಿದರೆ ದಂಡ 20,000. ಅತಿಭಾರಕ್ಕೂ 20,000, ಮೇಲೆ ಹೆಚ್ಚುವರಿ ಟನ್ನಿಗೆ 2,000.

ದೊಡ್ಡ ಗಾಡಿ ತಂದ ಮೂರನೇ ದಿನವೇ ತೋಟದ ದಾರಿಯಲ್ಲಿ ದಣಪೆ (ಬೇಲಿಯ ಗೇಟು) ದಾಟಲಾಗದೆ ನಿಂತಿತು. ಮರಕ್ಕೆ ಇನ್ನೂರು ಅಡಿ ಬಾಕಿ. ದಿಮ್ಮಿಗಳನ್ನು ಆಳುಗಳು ಉರುಳಿಸಿ ತರಬೇಕಾಯಿತು. ಸಣ್ಣದು ಅದೇ ದಾರಿಯಲ್ಲಿ ಸಲೀಸಾಗಿ ಇಳಿದಿತ್ತು.

ಅಣ್ಣ ಕೇಳಿದ್ದು ಒಂದೇ ಮಾತು: “ದೊಡ್ಡದೇ ತಗೊ ತಮಾ, ಆದ್ರೆ ಗಾಡಿ ಹೊಡೆಯೋರು ಯಾರು?” ಕಾನೂನಿನ ಗೆರೆ 7,500 ಕಿಲೋ. ಅದರೊಳಗಿನ ಸರಕು ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐವರ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ನೋಡುವುದು ಆರ್‌ಸಿಯ ಒಟ್ಟು ತೂಕವನ್ನು, ಆ ದಿನ ಹೇರಿದ್ದನ್ನಲ್ಲ. ದೊಡ್ಡ ಗಾಡಿ ಖಾಲಿ ಓಡಿಸಿದರೂ ಹೆವಿ ಲೈಸೆನ್ಸ್ ಬೇಕು. ಅದರ ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸಿಗೆ) ಅರ್ಜಿ ಹಾಕಬೇಕಾದರೆ ಎಲ್‌ಎಂವಿ ಸಿಕ್ಕು ಒಂದು ವರ್ಷ ಆಗಿರಬೇಕು, 20 ವಯಸ್ಸು ತುಂಬಿರಬೇಕು. ನಮ್ಮ ಇಬ್ಬರು ಹುಡುಗರ ಹತ್ತಿರ ಇರುವುದು ಎಲ್‌ಎಂವಿ. ಬಾಡಿಗೆ ಡ್ರೈವರ್ ಅಡಿಕೆ ಕೊಯ್ಲಿನ ದಿನಗಳಲ್ಲಿ ಎರಡು ಸಲ ಬರಲೇ ಇಲ್ಲ.

ಹೈಡ್ರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೇಟೆಯೊಳಗೆ, ಡಾಂಬರು ರಸ್ತೆ ಬದಿಯಲ್ಲಿ ಅನುಕೂಲ. ದೂರದ ಹಳ್ಳಿಗೆ ಬಂದು ಹೋಗುವ ಬಾಡಿಗೆಯೇ ಕೂಲಿಯನ್ನು ನುಂಗುತ್ತದೆ.

ಯಾವುದೇ ಕ್ರೇನ್ ಇರಲಿ, ನಿಂತ ಮರವನ್ನು ಅದಕ್ಕೆ ಕಟ್ಟಿ ಕಡಿಯಬೇಡಿ. ಅದು ನೆಲದಲ್ಲಿರುವ ದಿಮ್ಮಿಯನ್ನು ನೇರ ಮೇಲೆತ್ತಲು ಇರುವುದು. ಮೇಲಿಂದ ತುಂಡು ಕಳಚಿದಾಗಿನ ಜಗ್ಗನ್ನು ತಡೆಯುವಂಥದ್ದಲ್ಲ. ಕಾರವಾರದ ಮರಳಿನಲ್ಲಿ ಗಾಳಿ ಮರ ಎತ್ತುವಾಗ ಕ್ರೇನ್ ಕಾಲು ಒಂದು ಗೇಣು ಹೂತು ಗಾಡಿ ವಾಲಿತು. ಆವತ್ತಿನಿಂದ ಎರಡಿಂಚು ದಪ್ಪದ ಹಲಗೆ ಇಡದೆ ಕಾಲು ಊರುವುದಿಲ್ಲ. ಹೆಸ್ಕಾಂ ಲೈನ್ ಹತ್ತಿರವಿದ್ದರೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವವರೆಗೆ ಬೂಮ್ (ಕ್ರೇನಿನ ತೋಳು) ಬಿಚ್ಚುವುದೂ ಇಲ್ಲ.

ಕೊನೆಗೆ ಸಣ್ಣದನ್ನೇ ತಗೊಂಡೆವು. ದೊಡ್ಡ ಮತ್ತಿ ಬಂದಾಗ ದೊಡ್ಡ ಗಾಡಿಯನ್ನು ಡ್ರೈವರ್ ಸಮೇತ ಬಾಡಿಗೆಗೆ ಕರೆಸುತ್ತೇವೆ. ಕ್ರೇನ್ ಕೂರಿಸುವುದು ಗಾಡಿಯ ಮಾರ್ಪಾಡು, ಆರ್‌ಟಿಒ ಒಪ್ಪಿಗೆ ಮೊದಲೇ ಬೇಕು. ಆರ್‌ಸಿಯಲ್ಲಿ ಹೊಸ ಖಾಲಿ ತೂಕ ನಮೂದಾದ ಮೇಲೆಯೇ ಕ್ರೇನ್ ಕೂರಿಸಿದವರಿಗೆ ಬಾಕಿ ಹಣ ಕೊಟ್ಟೆವು.