ತಿಪಟೂರಿನ ಕೊಬ್ಬರಿ ವ್ಯಾಪಾರಕ್ಕೆ ಯೂಟ್ಯೂಬ್ ಚಾನೆಲ್: ಸಿದ್ಧಪಡಿಸಿಕೊಟ್ಟ ಸೇವೆಯ ವಿಮರ್ಶೆ

ತಿಪಟೂರು ತಾಲ್ಲೂಕಿನಲ್ಲಿ ನಮ್ಮದು ಮೂರು ತಲೆಮಾರಿನಿಂದ ಕೊಬ್ಬರಿ ನಂಬಿದ ಮನೆ. ಉಂಡೆ ಕೊಬ್ಬರಿಯನ್ನು ಎಪಿಎಂಸಿ ಹರಾಜಿಗೆ ಒಯ್ಯುವುದರ ಜೊತೆಗೆ, ಕೆಲವು ವರ್ಷಗಳಿಂದ ಕೊಬ್ಬರಿ ಗಿಟುಕನ್ನೂ ಗಾಣದ ಎಣ್ಣೆಯನ್ನೂ ನೇರವಾಗಿ ಗಿರಾಕಿಗಳಿಗೆ ಕೊರಿಯರ್ ಮೂಲಕ ಕಳುಹಿಸುತ್ತಿದ್ದೇವೆ. ಫೋನ್ ಮಾಡುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಮಾತು: ಕೊಬ್ಬರಿ ಪೂರ್ತಿ ಒಣಗಿದೆಯೇ? ಇದಕ್ಕೆ ಫೋಟೊದಲ್ಲಿ ಉತ್ತರವಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇದ್ದು, ಒಳಗಿನ ನೀರೆಲ್ಲ ಇಂಗಿದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ, ಕರಟ ಬಿಟ್ಟ ಕೊಬ್ಬರಿ ಗಡಗಡ ಸದ್ದು ಮಾಡುತ್ತದೆ. ಆ ಸದ್ದನ್ನು ಗಿರಾಕಿಗೆ ಕೇಳಿಸಬೇಕೆಂಬ ಆಸೆಯಿಂದಲೇ ವಿಡಿಯೊ ಚಾನೆಲ್ ತೆರೆಯಲು ಹೊರಟೆವು.

ಯೂಟ್ಯೂಬ್‌ನಲ್ಲಿ ಚಾನೆಲ್ ತೆರೆಯಲು ಹಣ ಕೊಡಬೇಕಿಲ್ಲ. ಮೊಬೈಲ್ ಸಂಖ್ಯೆಯನ್ನು ದೃಢಪಡಿಸಿದರೆ 15 ನಿಮಿಷಕ್ಕಿಂತ ದೊಡ್ಡ ವಿಡಿಯೊ ಹಾಕುವ, ನಮ್ಮದೇ ಥಂಬ್‌ನೇಲ್ ಚಿತ್ರ ಇಡುವ ಅನುಕೂಲವೂ ಸಿಗುತ್ತದೆ. ಆದರೂ ಅಂದವಾಗಿ, ವ್ಯಾಪಾರಕ್ಕೆ ಒಪ್ಪುವಂತೆ ಇರಲಿ ಎಂದು ತುಮಕೂರು ನಗರದ ಒಂದು ಡಿಜಿಟಲ್ ಮಾರ್ಕೆಟಿಂಗ್ ಕಚೇರಿಗೆ 6,500 ರೂಪಾಯಿ ಕೊಟ್ಟು ಕೆಲಸ ಒಪ್ಪಿಸಿದೆವು. ಲೋಗೊ, ಬ್ಯಾನರ್ (ಚಾನೆಲ್ ಪುಟದ ಮೇಲ್ತುದಿಯಲ್ಲಿ ಕಾಣುವ ಅಗಲ ಚಿತ್ರ), ಪರಿಚಯದ ಬರಹ, ಮೂರು ಪ್ಲೇಲಿಸ್ಟ್, ಜೊತೆಗೆ ಮೊದಲ ನಾಲ್ಕು ವಿಡಿಯೊಗಳ ಎಡಿಟಿಂಗ್ ಆ ಮೊತ್ತದಲ್ಲಿ ಸೇರಿದ್ದವು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಚಾನೆಲ್ಲಿನ ಮುಖಪುಟವನ್ನು ಅವರು ನಿಜಕ್ಕೂ ಬುದ್ಧಿವಂತಿಕೆಯಿಂದ ಜೋಡಿಸಿದ್ದಾರೆ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಬಂದರೆ ಒಂದು ವಿಡಿಯೊ, ಈಗಾಗಲೇ ಆದವರು ಬಂದರೆ ಬೇರೊಂದು ವಿಡಿಯೊ ಎದುರಾಗುವಂತೆ ಮಾಡುವ ಸೌಲಭ್ಯ ಯೂಟ್ಯೂಬ್‌ನಲ್ಲಿದೆ. ಹೊಸಬರಿಗೆ ಅಟ್ಟದಿಂದ ಕಾಯಿ ಇಳಿಸಿ, ಸುಲಿದು, ಕರಟ ಒಡೆದು ಗಿಟುಕು ತೆಗೆಯುವ 50 ಸೆಕೆಂಡಿನ ವಿಡಿಯೊ ಕಾಣುತ್ತದೆ; ಹಳಬರಿಗೆ ಆ ವಾರದ ಸರಕು ಕಾಣುತ್ತದೆ. ಪ್ರತಿ ವಿಡಿಯೊದ ವಿವರಣೆಯಲ್ಲೂ ನಮ್ಮ ವಿಳಾಸ ಮತ್ತು ವಾಟ್ಸ್ಆ್ಯಪ್ ಸಂಖ್ಯೆ ತಾನಾಗಿಯೇ ಬರುವಂತೆ ಅಪ್‌ಲೋಡ್ ಡಿಫಾಲ್ಟ್‌ನಲ್ಲಿ ಬರೆದಿಟ್ಟಿದ್ದರಿಂದ, ಈಗ ನನ್ನ ತಮ್ಮ ಕಂಪ್ಯೂಟರಿನ ಬ್ರೌಸರ್‌ನಿಂದ ವಿಡಿಯೊ ಹಾಕುವಾಗ ಅದನ್ನು ಮರೆಯುವ ಪ್ರಶ್ನೆಯೇ ಇಲ್ಲ.

ಬ್ಯಾನರ್ ಮಾತ್ರ ಮೊದಲ ಸಲ ಸರಿಬರಲಿಲ್ಲ. ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿದಾಗ ತೆಂಗಿನ ತೋಟದ ಮೇಲೆ ನಮ್ಮ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಮನೆಗೆ ಬಂದು ಅಮ್ಮನ ಮೊಬೈಲಿನಲ್ಲಿ ತೆರೆದರೆ ಬರೀ ಗರಿಗಳು, ಹೆಸರೇ ಇಲ್ಲ. ಬ್ಯಾನರ್ ಚಿತ್ರ ಕನಿಷ್ಠ 2048 × 1152 ಪಿಕ್ಸೆಲ್ ಇರಬೇಕಾದರೂ, ಎಲ್ಲ ಪರದೆಗಳಲ್ಲೂ ತಪ್ಪದೆ ಕಾಣುವುದು ನಡುವಿನ 1235 × 338 ಪಿಕ್ಸೆಲ್ ಮಾತ್ರ. ಅವರು ಹೆಸರನ್ನು ಮೇಲಿನ ಮೂಲೆಯಲ್ಲಿ ಬರೆದಿದ್ದರು. ತಿಳಿಸಿದ ಎರಡನೆಯ ದಿನವೇ ತಕರಾರಿಲ್ಲದೆ ತಿದ್ದಿಕೊಟ್ಟರು.

ಇದಕ್ಕಿಂತ ದೊಡ್ಡ ತಪ್ಪು ಸೆಟ್ಟಿಂಗ್ಸ್‌ನಲ್ಲಿ ಅಡಗಿತ್ತು. ಮಕ್ಕಳ ಖಾಸಗಿತನಕ್ಕೆ ಸಂಬಂಧಿಸಿದ ಅಮೆರಿಕದ ಕಾನೂನಿನ ಕಾರಣದಿಂದ, ವಿಡಿಯೊ ಮಕ್ಕಳಿಗಾಗಿಯೇ ಮಾಡಿದ್ದೋ ಅಲ್ಲವೋ ಎಂಬುದನ್ನು 2020ರ ಜನವರಿಯಿಂದ ಚಾನೆಲ್ಲಿನವರೇ ಘೋಷಿಸಬೇಕಾಗಿದೆ. ಮಕ್ಕಳೂ ನೋಡಬಹುದಾದ ವಿಡಿಯೊ ಎಂಬ ಅರ್ಥದಲ್ಲಿ ಕಚೇರಿಯವರು ಇಡೀ ಚಾನೆಲ್ಲಿಗೆ ‘ಮಕ್ಕಳಿಗಾಗಿ’ ಎಂದು ಗುರುತು ಹಾಕಿಬಿಟ್ಟಿದ್ದರು. ಹಾಗೆ ಗುರುತಿಸಿದ ವಿಡಿಯೊಗಳಲ್ಲಿ ಕಾಮೆಂಟ್ ಬರೆಯಲಾಗದು. ಕೊನೆಯಲ್ಲಿ ಮುಂದಿನ ವಿಡಿಯೊ ತೋರಿಸುವ ಎಂಡ್ ಸ್ಕ್ರೀನ್ ಕೂಡ ಇರದು. ಮೂರು ವಾರ ಯಾರೂ ಏನೂ ಕೇಳದಿದ್ದಾಗ ಜನರಿಗೆ ನಮ್ಮ ಸರಕು ಹಿಡಿಸಲಿಲ್ಲವೆಂದೇ ಭಾವಿಸಿ ಕುಗ್ಗಿದ್ದೆವು. ಅರಸೀಕೆರೆಯ ನೆಂಟರೊಬ್ಬರು, ‘ಬೆಲೆ ಕೇಳೋಣವೆಂದರೆ ಕಾಮೆಂಟೇ ಮುಚ್ಚಿದ್ದೀರಲ್ಲ’ ಎಂದಾಗಲೇ ನಮಗೆ ಗೊತ್ತಾಯಿತು.

ನನ್ನ ನಿಜವಾದ ಆಕ್ಷೇಪ ಒಡೆತನದ ವಿಷಯದಲ್ಲಿದೆ; ಹಣ ಕೊಟ್ಟು ಚಾನೆಲ್ ಮಾಡಿಸುವ ಪ್ರತಿಯೊಬ್ಬ ವ್ಯಾಪಾರಿಯೂ ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅವರು ಚಾನೆಲ್ಲನ್ನು ಬ್ರ್ಯಾಂಡ್ ಅಕೌಂಟ್ (ಹಲವರು ಸೇರಿ ನಿರ್ವಹಿಸಬಹುದಾದ ಗೂಗಲ್ ಖಾತೆ) ಆಗಿಯೇ ತೆರೆದಿದ್ದರು, ಅದು ಸರಿಯಾದ ಕ್ರಮ. ಆದರೆ ಅದರ ಮುಖ್ಯ ಮಾಲೀಕತ್ವ ಕಚೇರಿಯ ಜಿಮೇಲ್‌ನಲ್ಲಿತ್ತು. ನನಗೆ ಕೊಟ್ಟದ್ದು ಮ್ಯಾನೇಜರ್ ಅಧಿಕಾರ ಮಾತ್ರ. ತೋಟ ನಮ್ಮದಾಗಿದ್ದು ಪಹಣಿ ಬೇರೆಯವರ ಹೆಸರಿನಲ್ಲಿದ್ದಂತೆ ಆಯಿತು. ಮೋಸದ ಉದ್ದೇಶ ಅವರಿಗೆ ಇರಲಿಲ್ಲವೆಂದು ನಂಬುತ್ತೇನೆ, ಏಕೆಂದರೆ ಕೇಳಿದ ತಕ್ಷಣ ಒಪ್ಪಿದರು. ಆದರೆ ಹೊಸಬರನ್ನು ಮಾಲೀಕರಾಗಿ ಸೇರಿಸಿ 7 ದಿನ ಕಳೆಯದೆ ಮುಖ್ಯ ಮಾಲೀಕತ್ವ ವರ್ಗಾಯಿಸಲು ಗೂಗಲ್ ಬಿಡುವುದಿಲ್ಲ. ಆ ಏಳು ದಿನ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಕಚೇರಿ ಮುಚ್ಚಿದ್ದರೆ, ಅಥವಾ ಆ ಪಾಸ್‌ವರ್ಡ್ ಬಲ್ಲ ನೌಕರ ಕೆಲಸ ಬಿಟ್ಟಿದ್ದರೆ ನಾವು ಯಾರ ಬಾಗಿಲು ತಟ್ಟಬೇಕಿತ್ತು? ಚಾನೆಲ್ಲನ್ನು ನಮ್ಮದೇ ಖಾತೆಯಿಂದ ತೆರೆದು, ಕೆಲಸ ಮಾಡುವವರಿಗೆ ಎಡಿಟರ್ ಅಧಿಕಾರವನ್ನಷ್ಟೇ ಕೊಟ್ಟಿದ್ದರೆ ಈ ಆತಂಕವೇ ಇರುತ್ತಿರಲಿಲ್ಲ.

ಶಾರ್ಟ್ಸ್ ಎಂಬ ಪುಟ್ಟ ವಿಡಿಯೊಗಳ ಬಗ್ಗೆಯೂ ಅವರು ಒಂದು ವಿಷಯವನ್ನು ಮೊದಲೇ ಹೇಳಬೇಕಿತ್ತು. ಶಾರ್ಟ್ಸ್‌ನ ವಿವರಣೆಯಲ್ಲಿ ಹಾಕಿದ ಲಿಂಕುಗಳನ್ನು ಒತ್ತಿದರೆ 2023ರ ಆಗಸ್ಟ್ ಕೊನೆಯಿಂದ ತೆರೆದುಕೊಳ್ಳುವುದಿಲ್ಲ. ಆರ್ಡರ್ ಲಿಂಕನ್ನು ಅಲ್ಲಿಟ್ಟು ಕಾದ ನಮಗೆ ಇದು ತಡವಾಗಿ ತಿಳಿಯಿತು. ಈಗ ಆ ಲಿಂಕನ್ನು ಚಾನೆಲ್ಲಿನ ಮುಖಪುಟಕ್ಕೆ ಸರಿಸಿದ್ದೇವೆ.

ಚಿತ್ರ, ಜೋಡಣೆ, ಎಡಿಟಿಂಗ್ ಕೆಲಸಕ್ಕೆ ಆ ಕಚೇರಿಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಖಾತೆ ತೆರೆಯುವ ಕೆಲಸಕ್ಕೆ ಮಾಡಲಾರೆ. ಪ್ರತಿ ತಿಂಗಳೂ ಹಣ ಕಟ್ಟಿ ಚಾನೆಲ್ ನಿರ್ವಹಿಸುವ ಅವರ ಯೋಜನೆಯನ್ನು ನಾವು ಒಪ್ಪಲಿಲ್ಲ, ಏಕೆಂದರೆ ಮುಂದಿನದನ್ನೆಲ್ಲ ಚಾನೆಲ್ ನಿರ್ವಹಿಸಲು ಯೂಟ್ಯೂಬೇ ಕೊಡುವ ಯೂಟ್ಯೂಬ್ ಸ್ಟುಡಿಯೊದಿಂದ ಮನೆಯವರೇ ಮಾಡಬಹುದು. ಕಾಮೆಂಟ್ ತೆರೆದ ಮೇಲೆ ಬಂದ ಮೊದಲ ಮಾತು ಹುಬ್ಬಳ್ಳಿಯ ಗಿರಾಕಿಯೊಬ್ಬರದು: ಕಾಯಿ ಅಲುಗಿಸುವಾಗ ಹಿಂದಿನ ಸಂಗೀತ ನಿಲ್ಲಿಸಿ, ಸದ್ದು ಸರಿಯಾಗಿ ಕೇಳುತ್ತಿಲ್ಲ ಎಂದು ಅವರು ಬರೆದಿದ್ದರು. ಅಂದೇ ಸಂಜೆ ಅಟ್ಟ ಹತ್ತಿ, ಸಂಗೀತವಿಲ್ಲದೆ ಹೊಸ ವಿಡಿಯೊ ಮಾಡಿ ಹಾಕಿದೆವು.